ಕಣ್ಣೆರಡು ಬಿಟ್ಟು

ನಮ್ಮ ಮಾವ ನನ್ನ ಮಗಳನ್ನು ಪಾಂಡವಪುರದ ಶಾಲೆಗೆ ಸೇರಿಸಲು ಹೋದ ದಿನ ಕೈಯಲ್ಲಿ ಒಂದು ಹುಣಸೆ ಬರಲು ಹಿಡಿದುಕೊಂಡೇ ಹೋದರು. ಬೆಳಿಗ್ಗೆಯೇ ಹಿತ್ತಲ ಮರದಿಂದ ಮುರಿದು, ಎಲೆ ಸವರಿ, ಗಿಣ್ಣುಗಳನ್ನು ಕುಡುಗೋಲಿನಲ್ಲಿ ಕೆತ್ತಿ ನುಣ್ಣಗೆ ಮಾಡಿದ್ದರು. ಅಲ್ಲಿಯತನಕ ಅವಳು ಓದಿದ್ದು ಕ್ಯಾತನಹಳ್ಳಿ ಹತ್ತಿರದ ನಮ್ಮೂರ ಶಾಲೆಯಲ್ಲಿ. ಮೂರನೇ ಕ್ಲಾಸಿಗೆ ಪೇಟೆಯ ಇಂಗ್ಲಿಷ್ ಶಾಲೆಗೆ ಹಾಕಬೇಕೆಂದು ಹಟ ಹಿಡಿದವರು ಮಾವನೇ. ಮಗುವಿಗೆ ಹೊಸ ಬ್ಯಾಗು, ಹೊಸ ಷೂ, ನೀರಿನ ಬಾಟಲಿ, ಅದರ ಜೊತೆಗೆ ಈ ಕೋಲು. ಶಾಲೆಯ ವರಾಂಡದಲ್ಲಿ ನಿಂತು ಕ್ಲಾಸಿನ ಮೇಷ್ಟರ ಕೈಗೆ ಅದನ್ನು ಕೊಟ್ಟು, ನಮ್ಮ ಕಡೆಯ ಹಿರಿಯರು ಇಂಥ ಹೊತ್ತಿನಲ್ಲಿ ಹೇಳುವ ಮಾತನ್ನೇ ಹೇಳಿದರು.

"ಕಣ್ಣೆರ್ಡು ಬುಟ್ಟು ಇನ್ನೆಲ್ಲಿ ಬೇಕಾದ್ರೂ ಒಡೀರಿ ಸಾ. ಯಾಕ್ ಒಡದ್ರಿ ಅಂತ ನಾವು ಕೇಳಾಕಿಲ್ಲ."

ಮೇಷ್ಟರು ನಕ್ಕರು. ನಮ್ಮ ಹಿಂದೆ ಸಾಲಿನಲ್ಲಿದ್ದ ಇನ್ನೊಬ್ಬ ತಾಯಿಯೂ ನಕ್ಕಳು. ಮೇಷ್ಟರು ಕೋಲನ್ನು ಗಾಳಿಯಲ್ಲಿ ಒಂದು ಸಲ ಬೀಸಿ, ಅದರ ಸುಯ್ ಎನ್ನುವ ಶಬ್ದ ಕೇಳಿ, ಮೆಚ್ಚಿ ತಲೆಯಾಡಿಸಿದರು. ನನ್ನ ಮಗಳು ತಾತನ ಬೆರಳು ಹಿಡಿದುಕೊಂಡು ಒಮ್ಮೆ ಅವರ ಮುಖ, ಒಮ್ಮೆ ಇವರ ಮುಖ ನೋಡುತ್ತಿದ್ದಳು. ಆ ಮಾತನ್ನು ಅವಳು ಎಷ್ಟು ಗಟ್ಟಿಯಾಗಿ ಎದೆಗೆ ಹಾಕಿಕೊಂಡಳೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಇದು ನಮ್ಮ ಮಾವ ಒಬ್ಬರ ಮಾತಲ್ಲ. ಬೆಳ್ಳೂರಿನ ಹತ್ತಿರದ ನನ್ನ ತವರಿನಲ್ಲೂ ನನ್ನಪ್ಪ ಇದನ್ನೇ ಹೇಳಿ ನನ್ನನ್ನು ಶಾಲೆಗೆ ಬಿಟ್ಟು ಬಂದಿದ್ದ. ಅಲ್ಲಿನ ಮೇಷ್ಟ್ರು ಡಸ್ಟರ್ ಎಸೆದರೆ ಗುರಿ ತಪ್ಪುತ್ತಿರಲಿಲ್ಲ. ಹುಡುಗರನ್ನು ಬಗ್ಗಿಸಿ ಬೆನ್ನ ಮೇಲೆ ಕಲ್ಲು ಹೇರುತ್ತಿದ್ದರು. ಹುಡುಗಿಯರಿಗೆ ಜಲ್ಲಿಕಲ್ಲಿನ ಮೇಲೆ ಮಂಡಿಯೂರುವ ಶಿಕ್ಷೆ. ಏಳರ ಮಗ್ಗಿ ನನಗೆ ಇವತ್ತಿಗೂ ನೆನಪಿರುವುದು ಮಂಡಿಯಲ್ಲಿ, ತಲೆಯಲ್ಲಲ್ಲ. ಏಳೆಂಟ್ಲಿ ಎಷ್ಟು ಎಂದು ಯಾರಾದರೂ ಕೇಳಿದರೆ ಮೊದಲು ಮಂಡಿ ಚುರುಗುಟ್ಟುತ್ತದೆ, ಆಮೇಲೆ ಉತ್ತರ ಬರುತ್ತದೆ. ಇಷ್ಟೆಲ್ಲ ಏಟು ತಿಂದೂ ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ಮಾವನ ಮೀನಖಂಡದ ಮೇಲೂ ಅವರ ಮೇಷ್ಟ್ರು ಕೊಟ್ಟ ಗಾಯದ ಗುರುತಿದೆ. ಪಂಚೆ ಎತ್ತಿ ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ, ಏನೋ ಬಿರುದು ಬಂದ ಹಾಗೆ.

ಕಬ್ಬು ಕಡಿಯುವ ಕಾಲದಲ್ಲಿ ಒಂದು ಸಂಜೆ ಮಗಳು ಶಾಲೆಯ ವ್ಯಾನಿನಿಂದ ಇಳಿದಾಗ ಎಡಗೈಯಿಂದ ಎಡಗಿವಿ ಮುಚ್ಚಿಕೊಂಡಿದ್ದಳು. ಕೈ ತೆಗೆಸಿದೆ. ಕೆನ್ನೆಯ ಮೇಲೆ ಬೆರಳುಗಳ ಬಾಸುಂಡೆ. ಕಿವಿಯ ಒಳಗಿನಿಂದ ಒಂದು ಎಳೆ ರಕ್ತ ಇಳಿದು ಬಿಳಿ ಕಾಲರಿನ ಮೇಲೆ ಒಣಗಿತ್ತು. ಯಾರು ಹೊಡೆದರು ಎಂದು ಕೇಳಿದೆ. ಭಾಗಾಕಾರ ತಪ್ಪಾಯಿತು ಎಂದಳು, ಅಷ್ಟೆ.

ಮಾವ ಜಗಲಿಯ ಮೇಲೆ ಕೂತಿದ್ದವರು ಎದ್ದು ಬಂದು ನೋಡಿ, "ಒಂದೇಟು ಬಿದ್ರೆ ಏನಾಯ್ತದೆ, ಬುಡವ್ವ. ಅರಿಶಿಣ ಅಚ್ಚು" ಎಂದರು. ನನ್ನ ಮೈ ಉರಿದುಹೋಯಿತು. ಅವರಿಗೆ ಎದುರು ಮಾತಾಡಿ ಅಭ್ಯಾಸವಿಲ್ಲದ ನಾನು ಅವತ್ತು ಅರಿಶಿಣದ ಡಬ್ಬಿಯನ್ನೇ ಅಂಗಳಕ್ಕೆ ಎಸೆದೆ. ಅದು ತುಳಸಿಕಟ್ಟೆಗೆ ಬಡಿದು ಸಿಡಿದು, ಅಂಗಳವೆಲ್ಲ ಹಳದಿಯಾಯಿತು.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ತಮಟೆ ಹರಿದಿದೆ ಎಂದರು. ಆಮೇಲೆ ಕೀವಾಯಿತು. ಕೀವು ಆರಲು ತಿಂಗಳುಗಳೇ ಹಿಡಿದವು. ಆರಿದ ಮೇಲೂ ಆ ಕಿವಿ ಸರಿಯಾಗಿ ಕೇಳಲಿಲ್ಲ. ಎಡಗಡೆಯಿಂದ ಕರೆದರೆ ಅವಳು ಬಲಗಡೆ ತಿರುಗುತ್ತಾಳೆ. ಯಾರೂ ಇಲ್ಲದ ಕಡೆ ನೋಡಿ "ಆ?" ಎನ್ನುತ್ತಾಳೆ. ಈಗಲೂ ಅಷ್ಟೆ.

ನನ್ನ ಗಂಡ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರಾಕ್ಟರು ಓಡಿಸುತ್ತಾನೆ. ಡಾಕ್ಟರು ತಮಟೆ ಹರಿದಿದೆ ಎಂದಾಗ ಅವನೂ ಅಲ್ಲಿದ್ದ. ಮಾರನೆಯ ದಿನ ಲೋಡು ತುಂಬಿದ್ದ ಟ್ರಾಕ್ಟರನ್ನು ಹಾಗೇ ಶಾಲೆಯ ಗೇಟಿನ ಮುಂದೆ ಅಡ್ಡ ನಿಲ್ಲಿಸಿ, ಕಬ್ಬು ಕಡಿಯುವ ಮಚ್ಚು ಹಿಡಿದು ಇಳಿದ. ನಾನು ಪಕ್ಕದಲ್ಲೇ ಕೂತಿದ್ದೆ. ಇಳಿಯುವಾಗ ಮಚ್ಚನ್ನು ಕಿತ್ತುಕೊಂಡೆ. ಅದಕ್ಕಾಗಿ ಅವನು ನನ್ನನ್ನು ತಳ್ಳಿದ. ಟೈರಿಗೆ ಬಡಿದು ನನ್ನ ಮೊಣಕೈ ತರಚಿತು, ಆದರೆ ಮಚ್ಚು ಮಾತ್ರ ನಾನು ಬಿಡಲಿಲ್ಲ. ಅವನು ಬರಿಗೈಯಲ್ಲೇ ಓಡಿದ.

ನಾನು ಹಿಂದಿನಿಂದ ಓಡಿ ಕ್ಲಾಸಿನ ಬಾಗಿಲಿಗೆ ಬರುವಷ್ಟರಲ್ಲಿ ಮೇಷ್ಟರ ಕೊರಳಪಟ್ಟಿ ಇವನ ಕೈಯಲ್ಲಿತ್ತು. "ಯಾವ ಕೈಲಿ ಒಡದ್ಯೋ? ಯಾವ ಕೈಲಿ?" ಎನ್ನುತ್ತ ಕೆನ್ನೆಗೆ ಬಾರಿಸುತ್ತಿದ್ದ. ಒಂದು, ಇನ್ನೊಂದು, ಮತ್ತೊಂದು. ಕನ್ನಡಕ ಹಾರಿ ಹೋಗಿ ಬೋರ್ಡಿನ ಕೆಳಗೆ ಬಿತ್ತು. ಮೂಗಿನಿಂದ ರಕ್ತ ಬಂದು ಶರಟಿನ ಮೇಲೆ ಇಳಿಯಿತು. ಮಕ್ಕಳು ಬೆಂಚುಗಳ ಕೆಳಗೆ ನುಗ್ಗಿ ಚೀರುತ್ತಿದ್ದವು. ಅವೂ ನನ್ನ ಮಗಳ ವಯಸ್ಸಿನವೇ. ಬೇರೆ ಮೇಷ್ಟರು, ವ್ಯಾನಿನ ಡ್ರೈವರು ಬಂದು ಇವನನ್ನು ಹಿಡಿದೆಳೆದರು. ಮೇಷ್ಟರು ಗೋಡೆಗೆ ಒರಗಿ, ಮೂಗು ಒರೆಸಿಕೊಳ್ಳುತ್ತ, ನನ್ನ ಕಡೆ ನೋಡಿ ಹೇಳಿದರು.

"ನಿಮ್ಮ ಮಾವನೋರೇ ಹೇಳಿದ್ದಲ್ವಾ ಮೇಡಂ? ಕಣ್ಣಿಗೆ ನಾನು ಕೈ ಹಾಕಿಲ್ಲ."

ಅವರು ತಮಾಷೆಗೆ ಹೇಳಿದ್ದಲ್ಲ. ನಿಜವಾಗಿಯೂ ಅದನ್ನೊಂದು ನ್ಯಾಯವೆಂದು ನಂಬಿದ್ದರು. ನನ್ನ ಕೈಯಲ್ಲಿ ಇನ್ನೂ ಮಚ್ಚಿತ್ತು. ಆ ಕ್ಷಣದಲ್ಲಿ ಅದು ಗಂಡನ ಕೈಯಲ್ಲಿರದೆ ನನ್ನ ಕೈಯಲ್ಲಿದ್ದದ್ದು ಅವರ ಪುಣ್ಯವೋ ನನ್ನ ಪುಣ್ಯವೋ ತಿಳಿಯದು. ಅವರು ಇನ್ನೊಂದು ಮಾತು ಆಡಿದ್ದರೆ ನಾನೇ ಏನು ಮಾಡುತ್ತಿದ್ದೆನೋ.

ಸ್ಟೇಷನ್ನಿನಲ್ಲಿ ರಾಜಿಯಾಯಿತು. ಅವರು ಹೊಡೆದದ್ದಕ್ಕೆ ನಾವು ಕಂಪ್ಲೇಂಟು ಕೊಡುವುದಿಲ್ಲ, ಇವನು ಹೊಡೆದದ್ದಕ್ಕೆ ಅವರು ಕೊಡುವುದಿಲ್ಲ. ಎರಡೂ ಕಡೆಯ ಏಟು ಒಂದಕ್ಕೊಂದು ವಜಾ. ಮಗುವಿನ ಕಿವಿ ಯಾವ ಕಡೆಯ ಲೆಕ್ಕಕ್ಕೂ ಬರಲಿಲ್ಲ. ಮನೆಗೆ ಬಂದ ಮೇಲೆ ನಾನು ಹೇಳಿದೆ, ಇವಳು ಇನ್ನು ಯಾವ ಶಾಲೆಗೂ ಹೋಗುವುದಿಲ್ಲ, ನಾನೇ ಮನೆಯಲ್ಲಿ ಓದಿಸುತ್ತೇನೆ.

ಅವತ್ತು ನಮ್ಮ ಮನೆಯಲ್ಲಿ ಎದ್ದ ಜಗಳವನ್ನು ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಮಾವ ಕೆಂಡಾಮಂಡಲವಾಗಿದ್ದರು.

"ನಿಂಗೇನ್ ಬಿಎಡ್ ಆಗದಾ? ಟ್ರೈನಿಂಗ್ ಆಗದಾ? ಪಿಯುಸಿ ಫೇಲಾಗಿರೋಳು ನೀನು ಯಾವ್ ಪಾಠ ಏಳ್ಕೊಟ್ಟೀಯವ್ವ?"

"ಟ್ರೈನಿಂಗ್ ಆಗಿರೋರೇ ಅಲ್ವಾ ಮಾವ, ಕಿವಿ ಅರದಿದ್ದು?"

"ಅವ್ನೊಬ್ಬ ಒಡದ ಅಂತ ಎಲ್ಲಾರೂ ಅಂಗೇನಾ? ಕೂಸು ಮನೇಲಿದ್ರೆ ಸಗಣಿ ಬಾಚ್ಕಂಡು ದನ ಕಾಯ್ಕಂಡಿರ್ತದೆ, ನಿನ್ನಂಗೆ!"

ಹೇಳಿದ್ದೇ ತಡ ನನ್ನ ಗಂಡ ಎದ್ದು ಅಪ್ಪನ ಎದೆಗೆ ಕೈ ಹಾಕಲು ಹೋದ. ನಾನು ನಡುವೆ ನಿಂತೆ. ಒಂದೇ ಮನೆಯಲ್ಲಿ ಎಷ್ಟು ಜನರ ಕೈ ಹಿಡಿಯುವುದು? ಮೂಲೆಯಲ್ಲಿ ಮಗಳು ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಕೂಗಾಟಕ್ಕೆ ಮುಚ್ಚಿಕೊಂಡಿದ್ದಾಳೆಂದುಕೊಂಡೆ.

ನನ್ನ ಗಂಡನ ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ಪೇಟೆಗೆ. ಆಕೆಯ ಗಂಡ, ನಾನು ಅಣ್ಣ ಎಂದು ಕರೆಯುವವರು, ಅಲ್ಲೇ ಹೈಸ್ಕೂಲು ಮೇಷ್ಟರು. ಮಾವ ಅವರಿಗೆ ಫೋನು ಮಾಡಿ ನನಗೆ ಬುದ್ಧಿ ಹೇಳಲು ಒಪ್ಪಿಸಿದರು. "ಪಾಠ ಮಾಡೋದಂದ್ರೆ ಮುದ್ದೆ ತಿರುವೋದಲ್ಲ ಕಣವ್ವ" ಎಂದರು ಅವರು. ನಾನೂ ಬಿಡಲಿಲ್ಲ. "ನಾನು ಮುದ್ದೆ ತಿರುವಿ ಯಾರ ಕಿವೀನೂ ಒಡ್ದಿಲ್ಲ ಅಣ್ಣ" ಎಂದು ಫೋನು ಇಟ್ಟೆ.

ಆದರೆ ಅವರ ಮಾತು ಎಷ್ಟು ಸರಿ ಎನ್ನುವುದು ವಾರದೊಳಗೇ ಗೊತ್ತಾಯಿತು. ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲಿ ಬಿಳಿ ಬೋರ್ಡು ಹಾಕಿದೆ. ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ಪಾಠ. ಕನ್ನಡ ಸಲೀಸಾಗಿ ಹೋಯಿತು. ಪರಿಸರ ಪಾಠಕ್ಕೆ ಬೋರ್ಡೇ ಬೇಡ, ನಾಲೆಯ ಏರಿ ಮೇಲೆ ಒಂದು ಸುತ್ತು ಹೋಗಿ ಬಂದರೆ ಸಾಕು. ಭಿನ್ನರಾಶಿಗೆ ಬಂದಾಗ ಗಾಡಿ ನಿಂತಿತು. ಅರ್ಧ ದೊಡ್ಡದೋ ಕಾಲು ದೊಡ್ಡದೋ ಎಂದರೆ ಕಾಲು ಎನ್ನುತ್ತಾಳೆ. ಯಾಕೆಂದರೆ ಅಲ್ಲಿ ನಾಲ್ಕಿದೆ, ಇಲ್ಲಿ ಎರಡೇ ಇದೆ. ಒಂದು ಸಲ ಹೇಳಿದೆ. ಇನ್ನೊಂದು ಸಲ ಹೇಳಿದೆ. ರೊಟ್ಟಿ ಮುರಿದು ತೋರಿಸಿದೆ. ರೊಟ್ಟಿ ತಿಂದು ಮತ್ತೆ ಕಾಲೇ ಎಂದಳು. ನನ್ನ ಕೈ ಜುಮ್ಮೆಂದಿತು. ಅಂಗೈಯಲ್ಲಿ ಆ ಏಟು ಬಂದು ಕೂತಿರುವುದು ನನಗೆ ಗೊತ್ತಾಗುತ್ತಿತ್ತು. ಅದು ನನ್ನ ಮೇಷ್ಟರದ್ದು, ಅಪ್ಪನದ್ದು, ಈ ಸೀಮೆಯದ್ದೆಲ್ಲ ಸೇರಿದ ಏಟು. ಎದ್ದು ಹಿತ್ತಲಿಗೆ ಓಡಿದೆ. ಮಚ್ಚು ತೆಗೆದುಕೊಂಡು ದನಕ್ಕೆಂದು ರಾಶಿ ಹಾಕಿದ್ದ ಜೋಳದ ಕಡ್ಡಿಯನ್ನು ಕೊಚ್ಚತೊಡಗಿದೆ. ಕೈ ಸೋಲುವ ತನಕ ಕೊಚ್ಚಿದೆ. ಭಿನ್ನರಾಶಿ ಮುಗಿಯುವಷ್ಟರಲ್ಲಿ ನಮ್ಮ ಹಸುಗಳು ಮೇವು ತಿಂದು ತಿಂದು ಉಬ್ಬಿಕೊಂಡವು.

ಕೊನೆಗೆ ನಾನೇ ಸೋತು ಅಣ್ಣನಿಗೆ ಫೋನು ಮಾಡಿದೆ. ಅವರು ಈ ಸಲ ಹಂಗಿಸಲಿಲ್ಲ. "ಕೂಸಿಗೆ ಬರ್ನಿಲ್ಲ ಅಂದ್ರೆ ನಮ್ಗೆ ಏಳ್ಕೊಡಾಕೆ ಬರ್ನಿಲ್ಲ ಅಂತ ಅರ್ಥ. ಟ್ರೈನಿಂಗಲ್ಲಿ ನಮ್ಗೆ ಮೊದ್ಲು ಏಳ್ಕೊಟ್ಟಿದ್ದೇ ಅದು ಕಣವ್ವ. ಕ್ಲಾಸಿಗೆ ಓದ್ಮೇಲೆ ಮರ್ತುಬುಟ್ಟೊ" ಎಂದರು. ಮುಂದಿನ ಭಾನುವಾರ ಬಸ್ಸು ಹತ್ತಿ ತಾವೇ ಬಂದರು. ಒಂದು ಕಬ್ಬಿನ ಜಲ್ಲೆಯನ್ನು ಎರಡು ಭಾಗ ಮಾಡಿ ಇಬ್ಬರಿಗೆ ಹಂಚಿಸಿದರು, ಅಷ್ಟೇ ಉದ್ದದ ಇನ್ನೊಂದನ್ನು ನಾಲ್ಕು ಭಾಗ ಮಾಡಿ ನಾಲ್ವರಿಗೆ ಹಂಚಿಸಿದರು. ನೀನು ಯಾವ ಗುಂಪಿನಲ್ಲಿ ಕೂರುತ್ತೀಯ ಎಂದು ಮಗಳನ್ನು ಕೇಳಿದರು. ಅವಳು ಇಬ್ಬರ ಗುಂಪಿಗೆ ಓಡಿದಳು. ಅಲ್ಲಿಗೆ ಅದು ಬಗೆಹರಿಯಿತು. ಹಾಗಾಗಿ ತರಬೇತಿ ಏಕೆ ಬೇಕು ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಬೇಕು. ಆ ಮೇಷ್ಟರಿಗೂ ಅದು ಆಗಿತ್ತು ಎನ್ನುವುದೇ ನನಗೆ ಅರಗದ ತುತ್ತು.

ಮಾವನಿಗೆ ಮಾತ್ರ ನಮ್ಮ ಪಡಸಾಲೆ ಶಾಲೆಯನ್ನು ಕಂಡರೆ ಆಗುತ್ತಿರಲಿಲ್ಲ. ಊರಲ್ಲಿ ತಲೆಯೆತ್ತಿ ತಿರುಗುವಂತಿಲ್ಲ, ಮೊಮ್ಮಗಳನ್ನು ಯಾಕೆ ಬಿಡಿಸಿದಿರಿ ಅಂತ ಎಲ್ಲರೂ ಕೇಳುತ್ತಾರೆ ಎಂದು ಗೊಣಗುತ್ತಿದ್ದರು. ಒಂದು ದಿನ ಶ್ರೀರಂಗಪಟ್ಟಣದ ಸಂಬಂಧಿಕರ ಮದುವೆಗೆ ಹೋಗಿದ್ದವರು ಅಲ್ಲಿ ಯಾರೋ ಏನೋ ಅಂದರೆಂದು ಧುಮುಗುಟ್ಟುತ್ತ ಬಂದರು. ಚಪ್ಪಲಿಯನ್ನೂ ಬಿಡದೆ ಪಡಸಾಲೆಗೆ ನುಗ್ಗಿ, ಗೋಡೆಯಿಂದ ಬೋರ್ಡು ಕಿತ್ತು ಅಂಗಳಕ್ಕೆ ಬೀಸಿ ಎಸೆದರು. ಅದು ಕಲ್ಲಿಗೆ ಬಡಿದು ನಡುವೆ ಸೀಳಿತು. "ಜೂನ್‌ಗೆ ಇವ್ಳು ಅದೇ ಸ್ಕೂಲಿಗೆ ಓಗ್ಬೇಕು. ನಾನ್ ಏಳ್ದಂಗೆ ಆಗ್ಬೇಕು" ಎಂದು ಅರಚಿದರು. ನಾನು ಹೋಗಿ ಸೀಳಿದ ಬೋರ್ಡನ್ನು ಎತ್ತಿ ತಂದು ಅದೇ ಮೊಳೆಗೆ ನೇತುಹಾಕಿದೆ. ಸೀಳಿನ ಆ ಕಡೆ ಇಂಗ್ಲಿಷು, ಈ ಕಡೆ ಲೆಕ್ಕ ಬರೆಯತೊಡಗಿದೆ.

ಅದಾದ ಸ್ವಲ್ಪ ದಿನಕ್ಕೆ ಶಿಕ್ಷಣ ಇಲಾಖೆಯಿಂದ ಒಬ್ಬರು ಬೈಕಿನಲ್ಲಿ ಬಂದರು. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿ ಮತ್ತೆ ಸೇರಿಸುವುದು ಅವರ ಕೆಲಸ. ಒಳ್ಳೆಯ ಮನುಷ್ಯರೇ. ಮಜ್ಜಿಗೆ ಕುಡಿದು, ನಿಧಾನವಾಗಿ ಮಾತಾಡಿದರು. ಹದಿನಾಲ್ಕು ವರ್ಷದ ತನಕ ಮಗು ಶಾಲೆಯಲ್ಲಿರಬೇಕು, ಅದು ಕಾನೂನು ಎಂದರು. ಹೊಡೆಯಬಾರದು ಅಂತಲೂ ಅದೇ ಕಾನೂನಿನಲ್ಲಿದೆಯಲ್ಲ ಸಾರ್ ಎಂದೆ. ಅವರು ಲೋಟ ಕೆಳಗಿಟ್ಟರು.

"ಅದು ಸರೀನಮ್ಮ. ಆದ್ರೆ ನಿಮಗೆ ಟೀಚರ್ ಟ್ರೈನಿಂಗ್ ಆಗಿಲ್ಲ, ಡಿಗ್ರೀನೂ ಇಲ್ಲ. ಮಗು ಏನು ಕಲೀತಾ ಇದೆ ಅಂತ ನಾನು ಹೇಗೆ ನಂಬೋದು?"

"ಕೇಳಿ ನೋಡಿ ಸಾರ್."

ಮಾವ ಕಂಬಕ್ಕೆ ಒರಗಿ ಕೂತಿದ್ದರು. ಇವಳು ತಡವರಿಸಿದರೆ ಅವರು ಗೆದ್ದಂತೆ. ಆಗ ಕಾನೂನೂ ಅವರ ಕಡೆ, ಆಫೀಸರೂ ಅವರ ಕಡೆ, ಜೂನ್ ತಿಂಗಳೂ ಅವರ ಕಡೆ.

ಮಗಳು ಚಾಪೆಯ ಮೇಲೆ ಕೂತು ಕನ್ನಡ ಓದಿದಳು. ಇಂಗ್ಲಿಷ್ ಒಂದು ಪುಟ ತಡೆತಡೆದು ಓದಿದಳು. ಆಫೀಸರ ಮುಖ ಸಡಿಲವಾಯಿತು. ಲೆಕ್ಕ ಕೇಳೋಣ ಎಂದು ಅವರು ಎದ್ದು, ಬೋರ್ಡಿನ ಕಡೆ ಹೋಗುವ ದಾರಿಯಲ್ಲಿ ಅವಳ ಎಡಗಡೆ ನಿಂತರು. ಅರ್ಧಕ್ಕೆ ಕಾಲು ಕೂಡಿಸಿದರೆ ಎಷ್ಟು ಎಂದು ಕೇಳಿದರು. ಅವಳು ಬಲಗಡೆ ತಿರುಗಿ, ಯಾರೂ ಇಲ್ಲದ್ದನ್ನು ನೋಡಿ, ಸುಮ್ಮನಾದಳು. ಅವರು ಇನ್ನೂ ಜೋರಾಗಿ ಕೇಳಿದರು. ಅವಳು ಇನ್ನೂ ಗಾಬರಿಯಾದಳು. ಎಡಗಿವಿ ಕೇಳುವುದಿಲ್ಲ ಎಂದು ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಬೋರ್ಡಿನಲ್ಲಿ ಬರೆದು ತೋರಿಸೋಣವೆಂದು ಗೋಡೆಯ ಗೂಡಿನಲ್ಲಿದ್ದ ಮಾರ್ಕರಿಗೆ ಕೈ ಎತ್ತಿದರು. ಅಂಗೈ ಅವಳ ತಲೆಯ ಮೇಲಿನಿಂದ ಹಾದುಹೋಯಿತು.

ಅವಳು ಎರಡೂ ಕಿವಿಗಳನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡಳು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡಳು, ಕತ್ತನ್ನು ಭುಜದೊಳಗೆ ಎಳೆದುಕೊಂಡಳು. ಆದರೆ ಕಣ್ಣು ಮಾತ್ರ ಮುಚ್ಚಲಿಲ್ಲ. ಏಟು ಬರುವಾಗ ಯಾರಾದರೂ ಮೊದಲು ಮುಚ್ಚುವುದು ಕಣ್ಣನ್ನೇ. ಇವಳು ಎರಡೂ ಕಣ್ಣನ್ನು ಅಗಲಿಸಿ, ರೆಪ್ಪೆ ಹೊಡೆಯದೆ, ಆ ಕೈಯನ್ನೇ ನೋಡುತ್ತ ಕೂತಿದ್ದಳು. ಆಫೀಸರ ಕೈ ಗಾಳಿಯಲ್ಲೇ ನಿಂತಿತು. ಅವರೂ ಮಕ್ಕಳಿರುವವರು. ಮೆಲ್ಲಗೆ ಕೈ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಯ ಬಳಿ ಕುಕ್ಕರಗಾಲಿನಲ್ಲಿ ಕೂತರು.

ಮಾವ ಎದ್ದು ಬಂದು ಅವಳ ಮುಂದೆ ಕೂತರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಕಣ್ಯಾಕೆ ಮುಚ್ಕಳ್ನಿಲ್ಲ ಕೂಸೇ?"

ಅವಳಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿತು. ಗೊತ್ತಿರುವುದನ್ನೇ ಯಾಕೆ ಕೇಳುತ್ತಾರೆ ಎನ್ನುವ ಹಾಗೆ ತಾತನ ಮುಖ ನೋಡಿದಳು.

"ಕಣ್ಣಿಗೆ ಒಡೆಯಾಕಿಲ್ಲ ತಾತ. ನೀನೇ ಏಳಿದ್ಯಲ್ಲ."

ಮಾವ ಕೈ ಎತ್ತಿ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು. ಮೆಲ್ಲಗಲ್ಲ. ಪಡಸಾಲೆಯಲ್ಲೆಲ್ಲ ಕೇಳಿಸಿತು, ಕೊಟ್ಟಿಗೆಯಲ್ಲಿ ಹಸು ತಲೆಯೆತ್ತಿತು. ಇನ್ನೊಂದು ಕೆನ್ನೆಗೂ ಹೊಡೆದುಕೊಂಡರು. ಮತ್ತೆ ಎತ್ತಿದ ಕೈಯನ್ನು ನಾನು ಹಿಡಿದುಕೊಂಡೆ. ಮಗಳು ನೋಡುತ್ತಿದ್ದಾಳೆ ಮಾವ, ಸಾಕು ಎಂದೆ. ನನಗೆ ಅವರ ಮೇಲಿದ್ದ ಸಿಟ್ಟು ಅವತ್ತು ಹೋಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಆ ಮುದಿಕೈ ಹಿಡಿದುಕೊಂಡೇ ನಾನೂ ಅವರ ಜೊತೆ ಅತ್ತೆ.

ಮಾವ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಆಫೀಸರ ಕಡೆ ತಿರುಗಿದರು.

"ಅವ್ಳು ಇಲ್ಲೇ ಓದ್ಲಿ ಸಾ. ಅವ್ರವ್ವಂಗೆ ಟ್ರೈನಿಂಗ್ ಆಗಿಲ್ಲ, ದಿಟ. ಟ್ರೈನಿಂಗ್ ಆಗಿರೋರ ತಾವ್ಲೇ ನಾನು ಬುಟ್ಟಿದ್ದೆ."

"ಅದನ್ನ ನಾನು ಬರ್ಯೋಕಾಗಲ್ಲ ಯಜಮಾನ್ರೇ" ಎಂದರು ಆಫೀಸರು. ಪೆನ್ನು ತೆಗೆದು, ಮಗುವಿಗೆ ಕಿವಿಯ ಚಿಕಿತ್ಸೆ ನಡೆಯುತ್ತಿದೆ, ಗುಣವಾಗುವ ತನಕ ಮನೆಯಲ್ಲಿದೆ ಎಂದು ಬರೆದುಕೊಂಡರು. ಎಷ್ಟು ದಿನ ಇದು ನಡೆಯುತ್ತದೋ ಹೇಳಲಾರೆ, ಆ ಶಾಲೆಗೆ ಮಾತ್ರ ಕಳಿಸಿ ಅಂತ ನಾನು ಹೇಳುವುದಿಲ್ಲ ಎಂದರು. ಹೊರಡುವ ಮುಂಚೆ ಮಗಳ ಬಲಗಡೆ ಬಗ್ಗಿ, ಅದೇ ಲೆಕ್ಕವನ್ನು ಮತ್ತೆ ಕೇಳಿದರು. ಮುಕ್ಕಾಲು ಎಂದಳು, ಕಿವಿಯಿಂದ ಕೈ ತೆಗೆಯದೆಯೇ.

ಈಗ ನಮ್ಮ ಪಾಠಕ್ಕೆ ಮಾವನೂ ಬಂದು ಕೂರುತ್ತಾರೆ, ಅವಳ ಬಲಗಡೆ. ಕೆ.ಆರ್. ಪೇಟೆಯ ಅಣ್ಣ ಬಿಡುವಾದಾಗ ಬಂದು ನನಗೆ ಮುಂದಿನ ಪಾಠ ಮಾಡಿ ಹೋಗುತ್ತಾರೆ. ನಾನು ಡುಮ್ಕಿ ಹೊಡೆದಿದ್ದ ಇಂಗ್ಲಿಷ್ ಪರೀಕ್ಷೆಗೂ ಓದುತ್ತಿದ್ದೇನೆ. ಓದಿಸುವವಳಿಗೆ ಓದು ಬೇಡವೆಂದು ನಾನು ಯಾವತ್ತೂ ವಾದ ಮಾಡಲಿಲ್ಲ. ಆದರೆ ಬೋರ್ಡು ಒರೆಸಲು ನಾನು ಕೈ ಎತ್ತಿದರೆ ಸಾಕು, ಇವತ್ತಿಗೂ ಮಗಳ ಎರಡು ಕೈಗಳೂ ತಾವಾಗಿಯೇ ಕಿವಿಗೆ ಹೋಗುತ್ತವೆ. ನಾನು, ಅವಳ ಸ್ವಂತ ತಾಯಿ, ಒಂದು ದಿನವೂ ಹೊಡೆಯದವಳು. ಆ ಕೈಗಳನ್ನು ಕೆಳಗಿಳಿಸುವುದು ಹೇಗೆಂದು ಯಾವ ಟ್ರೈನಿಂಗಿನಲ್ಲಾದರೂ ಹೇಳಿಕೊಡುವುದಿದ್ದರೆ ಹೇಳಿ, ನಾಳೆಯೇ ಹೋಗಿ ಸೇರುತ್ತೇನೆ.